ನಿಲುವಿನಲ್ಲೇ ಪಟ್ಟು ತೋರಿದ ನಟ

ಮಾನ್ಯರೇ,

ಸಮರಕಲೆಯ ಸಿನಿಮಾಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಹೊಡೆದಾಟಗಳ ಲೆಕ್ಕದಲ್ಲೇ ಮುಗಿದುಹೋಗುತ್ತವೆ. ಹೊಡೆದಾಡುವವನ ಅಭಿನಯದ ಮಾತು ಬರುವುದು ಅಪರೂಪ. 2024ರಲ್ಲಿ ‘ಶೋಗನ್’ ಟಿವಿ ಸರಣಿಗೆ ಅಮೆರಿಕದ ಎಮ್ಮಿ ಪ್ರಶಸ್ತಿ ಪಡೆದಾಗ ಜಪಾನಿನ ನಟ ಹಿರೊಯುಕಿ ಸನಾದಾ ಅವರ ಹೆಸರು ಇಲ್ಲಿಯೂ ಕೇಳಿಬಂತು. ಆದರೆ ಅವರ ಕಸುವು ತಿಳಿಯಬೇಕಾದರೆ ಯೋಜಿ ಯಮಾದಾ ನಿರ್ದೇಶನದ, 2002ರ ‘ದಿ ಟ್ವಿಲೈಟ್ ಸಮುರಾಯ್’ ಚಿತ್ರವನ್ನೇ ನೋಡಬೇಕು.

ಕಥಾನಾಯಕ ಸೇಬೇ ವರ್ಷಕ್ಕೆ 50 ಕೊಕು (ಜಪಾನಿನ ಹಳೆಯ ಅಳತೆ) ಅಕ್ಕಿಯ ಸಂಬಳಕ್ಕೆ ಉಗ್ರಾಣದ ಲೆಕ್ಕ ಬರೆಯುವ ಕೆಳದರ್ಜೆಯ ಸಮುರಾಯ್. ಹೆಂಡತಿ ಕ್ಷಯದಿಂದ ತೀರಿಕೊಂಡಿದ್ದಾಳೆ. ಮನೆಯಲ್ಲಿ ಅರಳುಮರಳಿನ ತಾಯಿ, ಇಬ್ಬರು ಚಿಕ್ಕ ಹೆಣ್ಣುಮಕ್ಕಳು. ಸಂಜೆಯಾದೊಡನೆ ಮನೆಗೆ ಓಡಿ, ಕೀಟ ಸಾಕುವ ಪುಟ್ಟ ಪಂಜರಗಳನ್ನು ಹೆಣೆದು ನಾಲ್ಕು ಕಾಸು ಗಳಿಸುವ ಈತನಿಗೆ ಜೊತೆಯ ನೌಕರರು ‘ಮುಸ್ಸಂಜೆ ಸೇಬೇ’ ಎಂದು ಅಡ್ಡಹೆಸರಿಟ್ಟಿದ್ದಾರೆ. ಹುಡುಗನಿದ್ದಾಗಿನಿಂದಲೂ ಸಾಹಸ ದೃಶ್ಯಗಳ ತರಬೇತಿ ಪಡೆದು ಬೆಳೆದ ಸನಾದಾ, ಆ ವಿದ್ಯೆಯನ್ನೆಲ್ಲ ಇಳಿಬಿದ್ದ ಹೆಗಲು ಮತ್ತು ಹರಿದ ಬಟ್ಟೆಯೊಳಗೆ ಮುಚ್ಚಿಟ್ಟು, ಅದು ಇದೆಯೆಂಬ ಗುಮಾನಿಯನ್ನು ಮಾತ್ರ ನಮಗೆ ಬಿಡುತ್ತಾರೆ.

ಈ ಚಿತ್ರವನ್ನು ಈಚೆಗೆ ನಮ್ಮ ಓಣಿಯ ಗರಡಿಮನೆಯ ಹಿರಿಯ ಉಸ್ತಾದರೊಂದಿಗೆ ಕುಳಿತು ನೋಡಿದೆ. ಬಾಲ್ಯದ ಗೆಳತಿಯನ್ನು ಕಾಡುತ್ತಿದ್ದ ಕುಡುಕ ಮಾಜಿ ಗಂಡನ ಕತ್ತಿಗೆ ಎದುರಾಗಿ ಸೇಬೇ ಹೊಳೆಯ ದಂಡೆಯಲ್ಲಿ ಬರಿಯ ಕಟ್ಟಿಗೆಯ ಕೋಲು ಹಿಡಿದು ನಿಂತಾಗ, ಇನ್ನೂ ಒಂದು ಏಟೂ ಬಿದ್ದಿರದಿದ್ದರೂ ಉಸ್ತಾದರು, ‘ಇಂವಾ ಗೆಲ್ಲಾಂವ ನೋಡ್ರಿ, ಕಾಲ್ ಹೆಂಗ ಊರ‍್ಯಾನ’ ಎಂದರು. ಜೋಡಿ ಕೈ ಹಾಕುವ ಮೊದಲೇ ನಿಲುವು ನೋಡಿ ಕುಸ್ತಿ ಅಳೆಯುವ ಕಣ್ಣು ಅವರದು. ನಾನು ಓದಿದ ಯಾವ ವಿಮರ್ಶೆಯೂ ಆ ಕಾಲುಗಳನ್ನು ಗಮನಿಸಿರಲಿಲ್ಲ.

ಕೊನೆಯ ಕಾಳಗವಂತೂ ಬಹುಪಾಲು ಮಾತುಕತೆಯೇ. ಒಡೆಯರ ಅಪ್ಪಣೆಯಂತೆ ಕೊಲ್ಲಲು ಬಂದ ಸೇಬೇಯೂ ಕೊಲ್ಲಿಸಿಕೊಳ್ಳಬೇಕಾದ ಎದುರಾಳಿಯೂ ಕತ್ತಲೆಯ ಮನೆಯೊಳಗೆ ಎದುರುಬದುರು ಕುಳಿತು ತಮ್ಮ ತಮ್ಮ ಸಾವು-ನೋವು ಹೇಳಿಕೊಳ್ಳುತ್ತಾರೆ. ಹೆಂಡತಿಯ ಅಂತ್ಯಕ್ರಿಯೆಗಾಗಿ ದೊಡ್ಡ ಕತ್ತಿಯನ್ನು ಮಾರಿದೆ, ಒರೆಯಲ್ಲಿರುವುದು ಬಿದಿರು ಎಂದು ಸೇಬೇ ಒಪ್ಪಿಕೊಳ್ಳುವಾಗ ಸನಾದಾ ಅವರ ಮುಖದಲ್ಲಿ ನಾಚಿಕೆಯಿದೆಯೇ ಹೊರತು ಸ್ವಮರುಕವಿಲ್ಲ. ಎದುರಾಳಿ ಅದನ್ನು ಅವಮಾನವೆಂದು ತಿಳಿದು ಮೇಲೆ ಬೀಳುತ್ತಾನೆ. ತಗ್ಗು ಮಾಡಿನ ಆ ಕೋಣೆಯಲ್ಲಿ ಅವನ ಉದ್ದ ಕತ್ತಿ ತೊಲೆಗೆ ಸಿಕ್ಕಿಕೊಂಡ ಗಳಿಗೆಯಲ್ಲಿ ಸೇಬೇಯ ಗಿಡ್ಡ ಕತ್ತಿ ಕೆಲಸ ಮಾಡುತ್ತದೆ. ಗೆದ್ದವನು ತೂರಾಡುತ್ತ ಮನೆಯ ದಾರಿ ಹಿಡಿಯುತ್ತಾನೆ. ಮುಂದಿನದನ್ನು ಮಗಳ ದನಿಯಲ್ಲಿ ಹೇಳಿ ಮುಗಿಸಿದ್ದು ಮಾತ್ರ ನನಗೆ ರುಚಿಸಲಿಲ್ಲ. ಸನಾದಾ ಅವರ ನಡಿಗೆಯೇ ಅಷ್ಟನ್ನೂ ಹೇಳಿತ್ತು.

ಜಪಾನ್ ಅಕಾಡೆಮಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯನ್ನು ಕೊಟ್ಟಿತು, ಚಿತ್ರ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ನಮ್ಮಲ್ಲಿ ಅದನ್ನು ನೋಡಲು ಇಂಗ್ಲಿಷ್ ಅಡಿಬರಹವೇ ಗತಿ. ಉಸ್ತಾದರಿಗಾಗಿ ಮಾತುಮಾತಿಗೆ ಚಿತ್ರ ನಿಲ್ಲಿಸಿ ನಾನು ಅರ್ಥ ಹೇಳಬೇಕಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಚಿತ್ರ ಪ್ರದರ್ಶನ ಏರ್ಪಡಿಸುವವರು ಇಂಥ ಚಿತ್ರಗಳಿಗೆ ಕನ್ನಡ ಅಡಿಬರಹ ಮಾಡಿಸಲಿ, ಆಮಂತ್ರಣವನ್ನು ಗರಡಿಮನೆಗಳಿಗೂ ಕಳಿಸಲಿ.

– ಹಳೆಯ ಓದುಗ, ಧಾರವಾಡ