ಹನ್ನೊಂದು ತಿಂಗಳ ನಿವೃತ್ತಿ

ಮಾನ್ಯ ಸಂಪಾದಕರೇ,

ಮೈಸೂರು ನಿವೃತ್ತರ ಸ್ವರ್ಗ, ಹೊರದೇಶಗಳಿಂದ ಮರಳುವವರಿಗೆ ಇದಕ್ಕಿಂತ ನೆಮ್ಮದಿಯ ಊರಿಲ್ಲ ಎಂಬ ತಮ್ಮ ಭಾನುವಾರದ ವರದಿಯನ್ನು ನಾನು ಓದಿದ್ದು, ಮನೆ ಖಾಲಿ ಮಾಡಿ ಎಂದು ಮಾಲೀಕರಿಂದ ವಾಟ್ಸ್‌ಆ್ಯಪ್ ಸಂದೇಶ ಬಂದ ಮರುದಿನ. ಕರಾರು ಮುಗಿಯಿತು, ಅಮೆರಿಕದಿಂದ ಮಗ ಬರುತ್ತಾನೆ, ಮನೆ ಬೇಕು ಎಂದಿದ್ದರು. ಮಗ ಇನ್ನೂ ವಿಮಾನ ಹತ್ತುವ ಮೊದಲೇ ಅದೇ ಮನೆ ಎಂಟು ಸಾವಿರ ರೂಪಾಯಿ ಹೆಚ್ಚಿನ ಬಾಡಿಗೆಗೆ ಮೊಬೈಲ್ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು. ಬಾಲ್ಕನಿಯ ಚಿತ್ರದಲ್ಲಿ ನನ್ನ ಹೆಂಡತಿ ಒಣಹಾಕಿದ ಸೀರೆಯೂ ಇತ್ತು.

ಆಕೆಗೆ ಮಂಡಿನೋವು. ಮಾಲೀಕರ ಒಪ್ಪಿಗೆ ಪಡೆದೇ ಬಚ್ಚಲುಮನೆಯ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದ್ದೆ. ಈಗ ಅದಕ್ಕೆ ಕೊರೆದ ನಾಲ್ಕು ತೂತುಗಳನ್ನು 'ಟೈಲ್ಸ್ ಹಾಳು' ಎಂದು ಬರೆದು ಮುಂಗಡದಲ್ಲಿ ಹಣ ಮುರಿದುಕೊಂಡಿದ್ದಾರೆ, ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನೂ ಹಿಡಿದಿದ್ದಾರೆ. ಹಿಡಿಕೆಯನ್ನು ಮಾತ್ರ ಬಿಚ್ಚಬಾರದಂತೆ, ಮುಂದೆ ಬರುವವರಿಗೆ ಅನುಕೂಲವಾಗುತ್ತದಂತೆ!

ಮಸ್ಕತ್‌ನಲ್ಲಿ ಮೂರು ದಶಕ ಲೆಕ್ಕಪತ್ರ ಬರೆದ ನನಗೆ ಅಲ್ಲಿ ಪೌರತ್ವವೂ ಇರಲಿಲ್ಲ, ಪಿಂಚಣಿಯೂ ಇಲ್ಲ. ನೌಕರಿ ಮುಗಿದೊಡನೆ ವೀಸಾ ಕೂಡ ಮುಗಿಯಿತು. ಕೈಗೆ ಬಂದ ಹಣ ಬ್ಯಾಂಕಿನ ಠೇವಣಿಯಲ್ಲಿದ್ದು, ಅದರ ಬಡ್ಡಿಯಲ್ಲೇ ಬಾಡಿಗೆ ಮತ್ತು ಔಷಧಿ ಎರಡೂ ನಡೆಯಬೇಕು. ಆದರೆ ಗಲ್ಫ್‌ನಿಂದ ಬಂದವನೆಂದು ತಿಳಿದ ಕ್ಷಣವೇ, ನನ್ನ ಹಿತ್ತಲಲ್ಲಿ ಎಣ್ಣೆಬಾವಿ ಇದೆಯೆಂಬಂತೆ ಬ್ರೋಕರ್ ಬಾಡಿಗೆ ಏರಿಸುತ್ತಾನೆ. ವಯಸ್ಸು ತಿಳಿದರೆ ಇನ್ನೊಂದು ವರಸೆ: ಮಕ್ಕಳು ಎಲ್ಲಿದ್ದಾರೆ, ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಬರುತ್ತಾರೆ? ಸರಸ್ವತಿಪುರಂನ ಒಬ್ಬರಂತೂ ನನ್ನ ಎದೆಯ ಆರೋಗ್ಯವನ್ನು ವೈದ್ಯರಿಗಿಂತ ಕಾಳಜಿಯಿಂದ ವಿಚಾರಿಸಿ, ಮನೆ ಕೊಡುವುದಿಲ್ಲವೆಂದರು.

ಐದು ವರ್ಷಕ್ಕೆ ಕರಾರು ಮಾಡಿಕೊಡಿ, ವರ್ಷವರ್ಷ ಬಾಡಿಗೆ ಹೆಚ್ಚಿಸುತ್ತೇನೆ ಎಂದರೂ ಯಾರೂ ಒಪ್ಪುವುದಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾಗಿರುವುದರಿಂದ, ಆ ಖರ್ಚು ಮತ್ತು ಅಲೆದಾಟ ಬೇಡವೆಂದು ಊರಿಗೆ ಊರೇ ಹನ್ನೊಂದು ತಿಂಗಳ ಕಾಗದಕ್ಕೆ ಅಂಟಿಕೊಂಡಿದೆ. ಬಾಡಿಗೆದಾರ ಬಿಡದಿದ್ದರೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕೆಂಬ ಮಾಲೀಕರ ಭಯ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನಮ್ಮ ರಕ್ಷಣೆಗೆಂದು ಇರುವ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಕುವೆಂಪುನಗರದಲ್ಲಿ ಆ ದುಡ್ಡಿಗೆ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕೀತು. ವಸತಿ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಬಾರದೆನ್ನುವ ಮಾದರಿ ಬಾಡಿಗೆ ಕಾಯ್ದೆಗೆ ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲೇ ಒಪ್ಪಿಗೆ ಕೊಟ್ಟಿತ್ತು. ರಾಜ್ಯಗಳು ಮನಸ್ಸು ಮಾಡಿದರಷ್ಟೇ ಅದು ಜಾರಿಯಾಗುವ ಕಾಯ್ದೆಯಾದ್ದರಿಂದ ನನ್ನ ಮಾಲೀಕರು ಅದರ ಹೆಸರು ಕೇಳಿ ನಕ್ಕರು.

ಇನ್ನು ಅಧಿಕಾರಿಗಳ ವಿಷಯ ಹೇಳದಿರುವುದೇ ಮೇಲು. ಮನೆ ಬದಲಾದಾಗಲೆಲ್ಲ ಆಧಾರ್, ಬ್ಯಾಂಕು, ಗ್ಯಾಸು, ಮತದಾರರ ಪಟ್ಟಿ ಎಲ್ಲದರಲ್ಲೂ ವಿಳಾಸ ತಿದ್ದಿಸಬೇಕು, ಪ್ರತಿ ಕಿಟಕಿಯಲ್ಲೂ ಸರ್ವರ್ ಇಲ್ಲವೆಂಬ ಮಂತ್ರ ಕೇಳಬೇಕು. ಹಿಂದೆ ನಾನು ರಜೆಯಲ್ಲಿ ಬಂದಾಗ ಗೃಹನಿರ್ಮಾಣ ಸಹಕಾರ ಸಂಘವೊಂದಕ್ಕೆ ನಿವೇಶನದ ಹಣ ಕಟ್ಟಿದ್ದೆ. ನಿವೇಶನ ಬರಲಿಲ್ಲ, ದೂರು ಕೊಟ್ಟ ಕಚೇರಿಯಲ್ಲಿ ಕಡತವೇ ಸಿಗಲಿಲ್ಲ, ಅದನ್ನು ಹುಡುಕಬೇಕಾದ ಮಹನೀಯರು ಮಾತ್ರ ಬಡ್ತಿ ಪಡೆದು ವರ್ಗವಾದರು. ಅಂದು ಆ ನಿವೇಶನ ಕೈಗೆ ಬಂದಿದ್ದರೆ ಇಂದು ಈ ಪತ್ರ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ರಾಜ್ಯ ಸರ್ಕಾರ ಹಿರಿಯರಿಗೆ ದೀರ್ಘಾವಧಿ ಕರಾರು ಸಿಗುವಂತೆ ಕಾನೂನು ಮಾಡಲಿ, ಇಲ್ಲವೇ ತಾನೇ ಬಾಡಿಗೆ ಮನೆಗಳನ್ನು ಕಟ್ಟಿಸಲಿ. ಎರಡೂ ಆಗದಿದ್ದರೆ ಸಂಬಂಧಪಟ್ಟವರು ಏನಾದರೂ ಒಂದನ್ನು ಮಾಡಲಿ. ನಮ್ಮ ಠೇವಣಿಯ ಬಡ್ಡಿಗೆ ತೆರಿಗೆ ಮುರಿಯುವಾಗ ಮಾತ್ರ ಯಾವ ಸರ್ವರೂ ಕೈಕೊಡುವುದಿಲ್ಲವಲ್ಲ, ಆ ಚುರುಕಿನಲ್ಲಿ ಕಾಲು ಭಾಗವಾದರೂ ಇಲ್ಲಿ ಬೇಡವೇ?

– ನೊಂದ ಹಿರಿಯ ನಾಗರಿಕ,
ಕುವೆಂಪುನಗರ (ಈ ತಿಂಗಳ ಕೊನೆಯವರೆಗೆ), ಮೈಸೂರು