ಅಪ್ಪನ ಕುರ್ಚಿಗೆ ಅಳತೆ ಹಿಡಿದವರಿಗೆ

ಮೇಡಂ, ಹೆಸರು ಬರೆಯಬೇಡಿ ಎಂಬ ತಮ್ಮ ಮಾತಿಗೆ ಒಪ್ಪಿ, ಪಾರ್ಕಿನ್ಸನ್ ಕಾಯಿಲೆಯಿರುವ ನಮ್ಮ ತಂದೆಯವರಿಗೆ ತಕ್ಕ ರಿಕ್ಲೈನರ್ ಕುರ್ಚಿಯನ್ನು (ಮೋಟಾರಿನ ಬಲದಿಂದ ಹಿಂದಕ್ಕೆ ಒರಗಿ ಕಾಲು ಮೇಲೆತ್ತುವ, ಏಳುವಾಗ ಮೇಲಕ್ಕೆತ್ತುವ ಕುರ್ಚಿ) ಸೂಚಿಸಿದ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ರೋಗಿಗಳು ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞೆ ಆದ ತಮಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ನಾವು ಮುಂಗಡ ಕೊಡಲು ಹೊರಟಿದ್ದ ಕುರ್ಚಿ ಮೆತ್ತಗೆ, ಆಳವಾಗಿ, ನೋಡಲು ಭರ್ಜರಿಯಾಗಿತ್ತು. ತಾವು ಕುರ್ಚಿಯ ಮಾತನ್ನೇ ಎತ್ತದೆ, ತಂದೆಯವರು ಮಂಚದಿಂದ ಏಳುವುದನ್ನು ಮೂರು ಸಲ ನೋಡಿದಿರಿ. ಬಳಿಕ ನೆಲದ ಮೇಲೆ ಕುಳಿತು, ಟೇಪು ಹಿಡಿದು, ಹಿಮ್ಮಡಿಯಿಂದ ಮಂಡಿಯ ಹಿಂಭಾಗದವರೆಗೆ 43 ಸೆಂಟಿಮೀಟರ್ ಎಂದು ಬರೆದುಕೊಂಡಿರಿ. ಆಸನ ತೀರಾ ತಗ್ಗಾದರೆ ಏಳುವುದು ಕಷ್ಟ, ಎತ್ತರವಾದರೆ ಪಾದ ನೆಲಕ್ಕೆ ಊರುವುದಿಲ್ಲ, ಮಂಡಿಯ ಹಿಂದೆ ಎರಡು ಬೆರಳಿನಷ್ಟೂ ಜಾಗ ಉಳಿಯದಂತೆ ಆಳವಾದರೆ ಸೊಂಟ ಮುಂದಕ್ಕೆ ಜಾರುತ್ತದೆ ಎಂದು ತಾವು ವಿವರಿಸಿದ ಮೇಲೆ ಆ ಕುರ್ಚಿಯ ಆಸೆ ಬಿಟ್ಟೆವು. ಕಾಲು ಮೇಲಿರುವಾಗ ಕರೆಂಟ್ ಹೋದರೆ ಗತಿಯೇನು ಎಂಬ ಪ್ರಶ್ನೆ, ನಿಜ ಹೇಳಬೇಕೆಂದರೆ, ಅಂಗಡಿಯವರಿಗೂ ಹೊಳೆದಿರಲಿಲ್ಲ. ಬ್ಯಾಟರಿಯಿರುವ ಮೋಟಾರೇ ಬೇಕೆಂದು ತಾವು ಪಟ್ಟು ಹಿಡಿದಿರಿ. ರಿಮೋಟಿನಲ್ಲಿ ಮೇಲೆತ್ತುವ ಗುಂಡಿಗೆ ಕೆಂಪು ಟೇಪು ಅಂಟಿಸಿದವರೂ ತಾವೇ.

ದಿನವಿಡೀ ಅದರಲ್ಲೇ ಕೂರಿಸಬಾರದೆಂಬ ತಮ್ಮ ಎಚ್ಚರಿಕೆಯನ್ನು ಮರೆತಿಲ್ಲ. ಬೆಳಿಗ್ಗೆ ಪತ್ರಿಕೆ ಬಿದ್ದ ಸದ್ದಾದರೆ ಅಪ್ಪ ಕೆಂಪು ಗುಂಡಿ ಒತ್ತಿ, ಯಾರನ್ನೂ ಕರೆಯದೆ, ತಾವೇ ಎದ್ದು ಬಾಗಿಲಿಗೆ ಹೋಗುತ್ತಾರೆ.