ಗೆಲ್ಲು ಇಳಿಸುವ ಹಗ್ಗಕ್ಕೆ ಯಾವ ಗಂಟು?

ಮಾನ್ಯರೇ,

ಮೇ ತಿಂಗಳು ಕಳೆಯುತ್ತಾ ಬಂದಂತೆ ಮಂಗಳೂರು, ಉಡುಪಿ ಎರಡೂ ಕಡೆ ಮಾಡಿನ ಮೇಲೆ ಚಾಚಿಕೊಂಡ ಹಲಸು, ಮಾವಿನ ಗೆಲ್ಲುಗಳನ್ನು ಕಡಿಸುವ ಗಡಿಬಿಡಿ. ಕೆಳಗೆ ಹಂಚಿನ ಮಾಡು, ಪಕ್ಕದಲ್ಲಿ ಕಂಪೌಂಡು ಗೋಡೆ, ಅದರಾಚೆ ರಸ್ತೆ. ಕಡಿದು ಕೆಡವಲು ಜಾಗವೇ ಇರುವುದಿಲ್ಲ, ಹಗ್ಗ ಕಟ್ಟಿ ಇಳಿಸಬೇಕು. ಕೆಲಸ ಮಾಡಿಸುವವರು ಕೂಲಿ ಎಷ್ಟು, ಮೆಷಿನ್ ಗರಗಸ ಉಂಟಾ, ಸೊಪ್ಪು ಯಾರು ಸಾಗಿಸುತ್ತಾರೆ ಎಂದೆಲ್ಲ ಕೇಳುತ್ತಾರೆ. ಹಗ್ಗಕ್ಕೆ ಯಾವ ಗಂಟು ಹಾಕುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಒಳ್ಳೆಯ ಹಗ್ಗ ತುಂಡಾಗುವುದಕ್ಕಿಂತ ಗಂಟು ಜಾರುವುದೇ ಸುಲಭ. ಆದ್ದರಿಂದ ಈ ಪತ್ರ.

ಮೊದಲಿಗೆ ತೂಕ. ಹಸಿ ಮರದ ತೂಕ ಹೆಚ್ಚುಕಮ್ಮಿ ನೀರಿನಷ್ಟೇ ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ಒಂದು ಅಡಿ ದಪ್ಪದ, ಎರಡು ಮೀಟರ್ ಉದ್ದದ ತುಂಡು ಸುಮಾರು 140 ಕೆ.ಜಿ. ಎಲೆ, ಸಣ್ಣ ಕವಲುಗಳ ಭಾರ ಬೇರೆ. ಹಲಸಿನಲ್ಲಿ ಆ ಹೊತ್ತಿಗೆ ದೊಡ್ಡ ಗೆಲ್ಲುಗಳಲ್ಲೇ ಕಾಯಿ ಜೋತಿರುತ್ತದೆ; ಅದನ್ನು ಮೊದಲೇ ಕೊಯ್ದು ಇಳಿಸದಿದ್ದರೆ ಗೆಲ್ಲು ಯಾವ ಕಡೆ ವಾಲುತ್ತದೆ ಎಂದು ಹೇಳುವಂತಿಲ್ಲ. 12 ಮಿ.ಮೀ. ಪಾಲಿಪ್ರೊಪಿಲೀನ್ ಹಗ್ಗ ಹೊಸದಿದ್ದಾಗ ಸುಮಾರು ಎರಡು ಟನ್ನಿಗೆ ತುಂಡಾಗುತ್ತದೆ. ಗಂಟು ಹಾಕಿದ ಜಾಗದಲ್ಲಿ ಆ ಬಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಹೋಗುತ್ತದೆ, ಏಕೆಂದರೆ ಬಿಗಿಯಾಗಿ ಬಾಗಿದ ಕಡೆ ಹೊರಮೈಯ ಎಳೆಗಳೇ ಹೆಚ್ಚಿನ ಭಾರ ಹೊರುತ್ತವೆ. ಬಿಸಿಲು, ಸವೆತ, ಜಗ್ಗು ಸೇರಿದರೆ ಇನ್ನೂ ಕಡಿಮೆ. ಹೊಸ ಹಗ್ಗದ ಬಲದ ಹತ್ತನೇ ಒಂದು ಭಾಗವನ್ನಷ್ಟೇ, ಅಂದರೆ 200 ಕೆ.ಜಿ.ಯನ್ನು, ನಂಬಬೇಕು.

ಬಂದರಿನಲ್ಲಿ, ಮಲ್ಪೆಯಲ್ಲಿ ಸಿಗುವ ಬಲೆಯ ಹಗ್ಗವನ್ನೇ ಹೆಚ್ಚಿನವರು ತರುತ್ತಾರೆ. ನೀರಿನಲ್ಲಿ ತೇಲುತ್ತದೆ, ಅಗ್ಗ ಎಂದು ದೋಣಿಯವರಿಗೆ ಅದು ಬೇಕು. ಮರದಲ್ಲಿ ಅದಕ್ಕೆ ಎರಡು ತೊಡಕುಗಳಿವೆ. ಒಂದು, 165 ಡಿಗ್ರಿ ಸುಮಾರಿಗೇ ಕರಗುವ ವಸ್ತು ಅದು. ಕಾಂಡಕ್ಕೆ ಸುತ್ತಿ ರಭಸದಿಂದ ಬಿಟ್ಟರೆ ಉಜ್ಜಿದ ಜಾಗದಲ್ಲಿ ಮೈ ಮೆರುಗು ಬಂದು ಗಟ್ಟಿಯಾಗುತ್ತದೆ. ಅಂಥ ಜಾಗ ಕಂಡರೆ ಅಲ್ಲಿಗೆ ಕತ್ತರಿಸಿ. ಇನ್ನೊಂದು, ಹೊಸದಿರುವಾಗ ಬಿರುಸು. ಭಾರ ಸಡಿಲವಾದ ಕೂಡಲೇ ಗಂಟು ತಾನಾಗಿ ಅರಳಿಕೊಳ್ಳುತ್ತದೆ. ಪಾಲಿಯೆಸ್ಟರ್ ಹಗ್ಗಕ್ಕೆ ದುಡ್ಡು ಹೆಚ್ಚು, ಆದರೆ ಹಿಗ್ಗುವುದು ಕಡಿಮೆ, ಶಾಖವನ್ನೂ ತಡೆಯುತ್ತದೆ. ವರ್ಷವಿಡೀ ಇದೇ ಕಸುಬು ಮಾಡುವವರು ಅದನ್ನೇ ಕೊಳ್ಳುವುದು ಒಳ್ಳೆಯದು.

ಗೆಲ್ಲು ಇಳಿಸಲು ಮುಖ್ಯವಾಗಿ ಎರಡೇ ಗಂಟು ಸಾಕು. ಒಂದು ಜೀರುಗುಣಿಕೆಯಾಗಿ ಹಾಕುವ ಬೋಲೈನ್. ಹಗ್ಗದ ತುದಿಯನ್ನು ಗೆಲ್ಲಿಗೆ ಒಂದು ಸುತ್ತು ಬಳಸಿ ತನ್ನಿ. ಆ ತುದಿಯನ್ನು ಮೇಲಿನ ಕವಲನ್ನು ಹಾಯ್ದು ಬರುವ ಮುಖ್ಯ ಹಗ್ಗದ ಆಚೆಯಿಂದ ಸುತ್ತಿಸಿ ಈಚೆಗೆ ಎಳೆಯಿರಿ. ಈಗ ಗೆಲ್ಲನ್ನು ಬಳಸಿ ಬಂದ ಎಳೆಯಲ್ಲೇ ಒಂದು ಸಣ್ಣ ಕಣ್ಣು ಮಾಡಿ. ಕಣ್ಣಿನಲ್ಲಿ ತುದಿಯ ಕಡೆಯ ಎಳೆ ಮೇಲಿರಬೇಕು. ತುದಿಯನ್ನು ಅಡಿಯಿಂದ ಕಣ್ಣಿಗೆ ತೂರಿಸಿ, ಗೆಲ್ಲನ್ನು ಬಳಸಿ ಬಂದ ಎಳೆಯ ಹಿಂದಿನಿಂದ ಬಳಸಿ, ಮತ್ತೆ ಕಣ್ಣಿನೊಳಗೆ ಕೆಳಕ್ಕೆ ಇಳಿಸಿ ಬಿಗಿಯಿರಿ. ಮುಖ್ಯ ಹಗ್ಗ ಈಗ ಬೋಲೈನಿನ ಕುಣಿಕೆಯ ಒಳಗೆ ಓಡಾಡುತ್ತದೆ, ಎಳೆದಷ್ಟೂ ಗೆಲ್ಲನ್ನು ಕಚ್ಚಿ ಹಿಡಿಯುತ್ತದೆ. ಕಣ್ಣು ತಿರುಗಾಮುರುಗಾ ಆದರೆ ನೋಡಲು ಗಂಟಿನ ಹಾಗೆಯೇ ಇರುತ್ತದೆ, ಭಾರ ಬಿದ್ದಾಗ ಬಿಚ್ಚಿಹೋಗುತ್ತದೆ. ಕಟ್ಟಿದ ಮೇಲೆ ಉಳಿದ ತುದಿ ಒಂದು ಗೇಣಿಗಿಂತ ಕಡಿಮೆ ಇರಬಾರದು. ಬಿರುಸಾದ ಹಗ್ಗವಾದರೆ ಆ ತುದಿಯನ್ನು ಕುಣಿಕೆಯ ಪಕ್ಕದ ಎಳೆಗೆ ಸುತ್ತಿ ಇನ್ನೊಂದು ಗಂಟು ಬಿಗಿಯಲೇಬೇಕು. ಕೈಗೆ ಎಟುಕದ ಗೆಲ್ಲಿಗೂ ಇದು ಆಗುತ್ತದೆ: ಹಗ್ಗವನ್ನು ಎಸೆದು ತುದಿ ವಾಪಸು ಬಂದ ಮೇಲೆ ಇದ್ದಲ್ಲೇ ಗಂಟು ಹಾಕಿ ಎಳೆದರೆ ಕುಣಿಕೆ ತಾನೇ ಮೇಲೆ ಹೋಗಿ ಕೂರುತ್ತದೆ. ಎಷ್ಟು ಭಾರ ಬಿದ್ದರೂ ಆಮೇಲೆ ಬಿಚ್ಚಲು ಕಷ್ಟವಿಲ್ಲ.

ಎರಡನೆಯದು ಕ್ಲೋವ್ ಹಿಚ್. ಗೆಲ್ಲಿಗೆ ಒಂದು ಸುತ್ತು, ಅದನ್ನು ಅಡ್ಡ ದಾಟಿ ಅದೇ ದಿಕ್ಕಿನಲ್ಲಿ ಪಕ್ಕದಲ್ಲೇ ಇನ್ನೊಂದು ಸುತ್ತು, ತುದಿಯನ್ನು ಆ ಅಡ್ಡ ಎಳೆಯ ಅಡಿಗೆ ತೂರಿಸುವುದು. ಇಷ್ಟಕ್ಕೇ ನಿಲ್ಲಿಸುವುದೇ ದೊಡ್ಡ ತಪ್ಪು. ಕಡಿದ ಗೆಲ್ಲು ಗಾಳಿಯಲ್ಲಿ ತಿರುಗಿದಾಗ ಈ ಗಂಟು ಸ್ವಲ್ಪ ಸ್ವಲ್ಪವೇ ಉರುಳಿ ತುದಿಯನ್ನು ನುಂಗುತ್ತದೆ. ಉಳಿದ ತುದಿಯಿಂದ ಮುಖ್ಯ ಹಗ್ಗಕ್ಕೆ ಎರಡು ಅರ್ಧ ಗಂಟು, ಅಂದರೆ ಒಂದು ಸುತ್ತು ಬಳಸಿ ತುದಿಯನ್ನು ಆ ಸುತ್ತಿನ ಅಡಿಗೇ ತೂರಿಸುವ ಗಂಟು, ಹಾಕಿದರೆ ಮಾತ್ರ ಅದು ಪೂರ್ತಿ. ಭಾರ ಸಡಿಲವಾದಾಗಲೂ ಇದು ಜಾಗ ಬಿಡುವುದಿಲ್ಲ, ಹಾಗಾಗಿ ತಡೆ ತಡೆದು ಇಳಿಸಬೇಕಾದ ತುಂಡಿಗೆ ಇದೇ ವಾಸಿ. ದಿಮ್ಮಿ ಎಳೆಯಲು ಬಳಸುವ ಟಿಂಬರ್ ಹಿಚ್, ಅಂದರೆ ತುದಿಯನ್ನು ತನ್ನ ಮೇಲೆಯೇ ನಾಲ್ಕೈದು ಸಲ ಸುತ್ತಿ ಬಿಡುವ ಗಂಟು, ನೆಲದ ಮೇಲೆ ಚೆನ್ನ. ಗೆಲ್ಲು ಇಳಿಸಲು ಬೇಡ, ಎಳೆತ ಸಡಿಲವಾದರೆ ಅದೂ ಸಡಿಲ. ಹಗ್ಗ ಸಾಲದೆ ಎರಡನ್ನು ಜೋಡಿಸುವಾಗ ಎರಡು ತುದಿಗಳನ್ನು ಎದುರುಬದುರಾಗಿ ಎರಡು ಸಲ ಕಟ್ಟುವ ರೀಫ್ ಗಂಟು ಹಾಕಲೇಬಾರದು; ಒಂದು ಹಗ್ಗದ ಮಡಿಕೆಗೆ ಇನ್ನೊಂದನ್ನು ಎರಡು ಸುತ್ತು ಬಳಸಿ ಸಿಕ್ಕಿಸುವ ಡಬಲ್ ಶೀಟ್ ಬೆಂಡ್ ಹಾಕಿ. ಆದರೂ ಜೋಡಿಸಿದ ಗಂಟು ಮೇಲಿನ ಕವಲಿಗೆ ಸಿಕ್ಕಿಕೊಂಡರೆ ಗೆಲ್ಲು ನಡುವೆಯೇ ನೇತಾಡುತ್ತದೆ. ಉದ್ದದ ಒಂದೇ ಹಗ್ಗ ತರುವುದು ಮೇಲು.

ತೆಂಗಿನ ಕಾಂಡ, ಪಾಚಿ ಹಿಡಿದ ತೊಗಟೆ, ಮಳೆಗೆ ಒದ್ದೆಯಾದ ಮರ ಇವುಗಳಲ್ಲಿ ಒಂದೇ ಗಂಟು ಸಾಲದು. ಮುಖ್ಯ ಹಗ್ಗ ಬರುವ ಕಡೆಗೆ ಒಂದು ಅರ್ಧ ಗಂಟು, ಅದರಿಂದ ಒಂದು ಗೇಣು ಆಚೆ ಬೋಲೈನ್ ಕುಣಿಕೆ. ಭಾರವನ್ನು ಅರ್ಧ ಗಂಟು ಹೊರುತ್ತದೆ, ಕುಣಿಕೆ ಅದನ್ನು ಕಾಯುತ್ತದೆ. ಗೆಲ್ಲಿನಲ್ಲಿ ಸಣ್ಣ ಕವಲು ಇದ್ದರೆ ಗಂಟು ಜಾರುವ ದಿಕ್ಕಿಗೆ ಆ ಕವಲು ಅಡ್ಡವಾಗಿ ಬರುವಂತೆ ಕಟ್ಟಿ. ಹಲಸಿನ ಮೇಣ ಮೆತ್ತಿದ ಹಗ್ಗದಲ್ಲಿ ಗಂಟು ಕೂತಂತೆ ಕಂಡರೂ ಎಳೆಗಳು ಅಂಟಿಕೊಂಡು ಅರ್ಧವೇ ಬಿಗಿದಿರುತ್ತವೆ. ಗರಗಸ ಇಡುವ ಮೊದಲು ಕೆಳಗಿನವರು ಒಮ್ಮೆ ಜಗ್ಗಿ ಗಂಟನ್ನು ಕೂರಿಸಬೇಕು.

ಗಂಟು ಸರಿಯಿದ್ದರೂ ಕಟ್ಟುವ ಜಾಗ ತಪ್ಪಿದರೆ ಹಂಚು ಉಳಿಯುವುದಿಲ್ಲ. ಗೆಲ್ಲಿನ ಬುಡಕ್ಕೆ ಕಟ್ಟಿದರೆ ಕೊಡಿ, ಅಂದರೆ ಗೆಲ್ಲಿನ ತುದಿ, ಮೊದಲು ಕೆಳಗೆ ಬೀಳುತ್ತದೆ. ಮಾಡಿನ ಮೇಲೆ ಚಾಚಿದ ಗೆಲ್ಲಿಗೆ ಹೀಗೆ ಕಟ್ಟಿದರೆ ಕೊಡಿ ನೇರ ಹಂಚಿಗೇ ಬಡಿಯುತ್ತದೆ. ಅಂಥಲ್ಲಿ ಕೊಡಿಯ ಕಡೆಗೆ, ತೂಕದ ನಡುವಿಗಿಂತ ಸ್ವಲ್ಪ ಆಚೆ ಕಟ್ಟಬೇಕು, ಆಗ ಬುಡ ಕೆಳಗಾಗಿ ಕಾಂಡದ ಕಡೆಗೆ ಇಳಿಯುತ್ತದೆ. ಬುಡಕ್ಕೆ ಇನ್ನೊಂದು ತೆಳು ಹಗ್ಗ ಕಟ್ಟಿ ಕೆಳಗಿನಿಂದ ಒಬ್ಬರು ದಿಕ್ಕು ಹಿಡಿಯಬೇಕು, ಇಲ್ಲದಿದ್ದರೆ ಅದು ಮರದಲ್ಲಿರುವವನ ಕಾಲಿಗೇ ಬರುತ್ತದೆ.

ಹಗ್ಗ ಹಾಯುವ ಕವಲು ಯಾವಾಗಲೂ ಕಡಿಯುವ ಜಾಗಕ್ಕಿಂತ ಮೇಲಿರಲಿ. ಕೆಳಗಿದ್ದರೆ ತುಂಡು ಮೊದಲು ಬಿದ್ದು ಆಮೇಲೆ ಹಗ್ಗಕ್ಕೆ ಜಗ್ಗುತ್ತದೆ. ಆ ಒಂದು ಏಟಿನ ಭಾರ ತುಂಡಿನ ತೂಕದ ಹಲವು ಪಟ್ಟು. ತುದಿಯಿಂದ ತುಂಡು ತುಂಡಾಗಿ ಇಳಿಸುವ ತೆಂಗಿನ ಮರದಲ್ಲಿ ಇದನ್ನು ತಪ್ಪಿಸಲಾಗದು. ಅಲ್ಲಿ ಎರಡು ಅಡಿಗಿಂತ ಉದ್ದ ತೆಗೆಯಬೇಡಿ. ಅಷ್ಟೇ ತುಂಡು ಸುಮಾರು 40 ಕೆ.ಜಿ. ಇರುತ್ತದೆ. ರಾಟೆ ಹಾಕಿದರೆ ಒಂದು ಕಡೆ ಗೆಲ್ಲಿನ ಭಾರ, ಇನ್ನೊಂದು ಕಡೆ ಹಿಡಿದವರ ಎಳೆತ ಸೇರಿ ಮೇಲಿನ ಕವಲಿಗೆ ಹತ್ತಿರ ಹತ್ತಿರ ದುಪ್ಪಟ್ಟು ಭಾರ ಬೀಳುತ್ತದೆ. ಅಕೇಶಿಯಾ, ನುಗ್ಗೆಯಂಥ ಮರಗಳ ಕವಲನ್ನು ಇದಕ್ಕೆ ನಂಬಬಾರದು. ಕೆಳಗೆ ಹಗ್ಗ ಹಿಡಿಯುವವರು ಕಾಂಡಕ್ಕೆ ಎರಡು ಸುತ್ತು ಹಾಕಿಯೇ ಹಿಡಿಯಬೇಕು, ಕೈಗೆ ಸುತ್ತಿಕೊಳ್ಳಲೇಬಾರದು. ಕರೆಂಟಿನ ತಂತಿಯ ಹತ್ತಿರದ ಗೆಲ್ಲಾದರೆ ಮೆಸ್ಕಾಂನವರು ಲೈನ್ ಆಫ್ ಮಾಡಿಕೊಟ್ಟ ಮೇಲೆಯೇ ಹಗ್ಗ ಮುಟ್ಟಬೇಕು. ಒದ್ದೆ ಹಗ್ಗ, ಹಸಿ ಗೆಲ್ಲು ಎರಡರಲ್ಲೂ ಕರೆಂಟು ಹರಿಯುತ್ತದೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಹೆಚ್ಚಿನ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಆ ಅನುಮತಿ ಪತ್ರದ ಜೊತೆಗೇ ಈ ಎರಡು ಗಂಟುಗಳ ಚಿತ್ರವಿರುವ ಒಂದು ಹಾಳೆ ಕೊಡಲಿ ಎಂದು ಅರಣ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇವೆ. ನಗರಾಡಳಿತಗಳು ಮಳೆಗಾಲಕ್ಕೆ ಮುಂಚೆ ಕೊಡುವ ಗೆಲ್ಲು ಕಡಿಯುವ ಗುತ್ತಿಗೆಯಲ್ಲಿ ಹಗ್ಗದ ಜಾತಿ, ದಪ್ಪ, ಒಂದು ಸಲಕ್ಕೆ ಇಳಿಸಬಹುದಾದ ತೂಕ ಬರೆದಿರಲಿ. ಮರ ಹತ್ತುವವರು ನೆಲದ ಮೇಲೆ ಎರಡೂ ಗಂಟು ಕಟ್ಟಿ, ನಾಲ್ಕು ಜನ ಜಗ್ಗಿ ನೋಡಿದ ಮೇಲೆಯೇ ಮರಕ್ಕೆ ಏಣಿ ಇಡುವ ಷರತ್ತೂ ಅದರಲ್ಲಿರಲಿ.

— ಮರಗೆಲಸದ ಕೆಲವರು, ಉಡುಪಿ